ಆರನೆಯ ಅರ್ಥ

ಬ್ರೇಕ್ ಎಂಬ ಶಬ್ದಕ್ಕೆ ಇನ್ನೂ ಒಂದು ಅರ್ಥ ಉಳಿದಿತ್ತು, ಅಷ್ಟರಲ್ಲಿ ಗಂಟೆ ಹೊಡೆಯಿತು.

ಇಂಗ್ರೇಜಿ ಮಾಸ್ತರ ಫಕ್ರುದ್ದೀನ ಹಲಗೆಗೆ ಬರೆಯುತ್ತಿದ್ದ ಖಡು ಕೆಳಗಿಡಲಿಲ್ಲ. ಗಡಿಗೆ ಒಡೆದರೂ ಬ್ರೇಕ್, ಕೊಟ್ಟ ಮಾತು ಮುರಿದರೂ ಬ್ರೇಕ್, ಬೆಳಗು ಹರಿದರೂ ಬ್ರೇಕ್. ಹೊತ್ತು ಮುಳುಗಿದ ಮೇಲೆ ಖಜೂರ ಬಾಯಿಗಿಟ್ಟು ರೋಜಾದ ಉಪವಾಸ ಬಿಟ್ಟರೂ ಅದೇ ಬ್ರೇಕ್. ಇಷ್ಟೂ ಆಗಲೇ ಕರಿಹಲಗೆಯ ಮೇಲಿದ್ದವು. ಉಳಿದ ಐದನೆಯದನ್ನು ಬಾಯಿಂದಲೇ ಹೇಳಿದ. ಎಳೆ ಹೋರಿಯನ್ನು ನೊಗಕ್ಕೆ ಪಳಗಿಸುವುದಕ್ಕೂ ಹಾಗೇ ಅನ್ನುತ್ತಾರೆ ಎಂದ.

ಹುಡುಗರು ನಕ್ಕರು. ಮುದ್ದೇಬಿಹಾಳದ ಆ ಹೈಸ್ಕೂಲಿನಲ್ಲಿ ಅರ್ಧಕ್ಕರ್ಧ ಒಕ್ಕಲುತನದವರ ಮಕ್ಕಳು. ಇಂಗ್ರೇಜ ಸಾಹೇಬರೂ ಹೋರಿ ಪಳಗಿಸುತ್ತಾರೆಂಬುದೇ ಅವರಿಗೆ ಮಜಾ ಅನಿಸಿತ್ತು.

ಮಾಸ್ತರರ ಕೋಣೆಯಲ್ಲಿ ಗಣಿತದ ಬಸಂತರಾಯರು, ನಿಮ್ಮ ತಲೆಯೊಳಗೆ ಇಡೀ ಡಿಕ್ಷನರಿ ಕೂತಿದೆ ಬಿಡ್ರಿ ಎಂದು ಹೊಗಳಿದರು. ಫಕ್ರುದ್ದೀನ ಸುಮ್ಮನೆ ನಕ್ಕ. ಹೋರಿಯ ಅರ್ಥ ಅವನದಾಗಿರಲಿಲ್ಲ. ಅದು ತಂಗಿ ಸಗೀರಾ ಹುಡುಕಿದ್ದು. ಈಚೆಗೆ ತರಗತಿಯಲ್ಲಿ ಅವನು ಹೇಳುವ ಒಳ್ಳೆಯ ಮಾತೆಲ್ಲ ಅವಳದೇ. ಈ ಊರಿನಲ್ಲಿ ಅದು ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕೆಂದು ಅವನಿಗೂ ಅನಿಸಿರಲಿಲ್ಲ.

ಅರ್ಧ ದಿನದ ರಜೆ ಹಾಕಿ ಮನೆಯ ಕಡೆ ನಡೆದ. ಇಂಡಿ ಊರಿನಿಂದ ಇವತ್ತು ಸಗೀರಾಳನ್ನು ನೋಡಲು ಬೀಗರು ಬರುವವರಿದ್ದರು.

ಕನ್ನಡ ಸಾಲಿಯ ಏಳನೆಯ ಇಯತ್ತೆ ಮುಗಿದ ಮೇಲೆ ಸಗೀರಾಳನ್ನು ಮನೆಯಲ್ಲಿ ಕೂಡಿಸಿದ್ದರು. ಅವನು ಬಿ.ಎ. ಮುಗಿಸಿ ಬಂದಾಗ ಮಾತಾಡಲು ಯಾರೂ ಇರಲಿಲ್ಲ. ತಾಯಿ ಪೀರಬಿಯ ಮಾತು ಊಟದ್ದು, ಇಲ್ಲದಿದ್ದರೆ ಲಗ್ನದ್ದು. ಮಾಸ್ತರರ ಮಾತು ಪಗಾರ-ಬಡತಿಯದ್ದು. ಬೇಸರಕ್ಕೆ ತಂಗಿಗೆ ಇಂಗ್ರೇಜಿ ಹೇಳಿಕೊಡತೊಡಗಿದ್ದ. ಸಂಜೆ ಅವಳು ಬೂದಿ ಹಚ್ಚಿ ಕಂದೀಲಿನ ಗಾಜು ಒರೆಸಲು ಕೂತಾಗ ಅವನೊಂದು ಶಬ್ದ ಎಸೆಯಬೇಕು. ದೀಪ ಹಚ್ಚುವುದರೊಳಗೆ ಅವಳು ಅದರ ಅರ್ಥಗಳನ್ನೆಲ್ಲ ಹೇಳಿ ಮುಗಿಸಬೇಕು. ಆಟ ಹೀಗೆ ಶುರುವಾಗಿ ವರ್ಷಗಟ್ಟಲೆ ನಡೆದಿತ್ತು. ರನ್ ಅಂದರೆ ಓಡುವುದು ಎಂದು ಅವನು ಕಲಿಸಿದರೆ, ಡೋಣಿ ಹೊಳೆ ಹರಿಯುವುದು, ಅಂಗಡಿ ನಡೆಸುವುದು, ನೀರಿಗೆ ಹಾಕಿದ ಸೀರೆ ಬಣ್ಣ ಬಿಡುವುದು ಎಂದು ಅವಳು ಅವನಿಗೇ ಕಲಿಸುವಷ್ಟು ಬೆಳೆದಿದ್ದಳು. ಬರುವ ಮಾರ್ಚಿಯಲ್ಲಿ ಬಿಜಾಪುರಕ್ಕೆ ಕರೆದುಕೊಂಡು ಹೋಗಿ ಖಾಸಗಿಯಾಗಿ ಮ್ಯಾಟ್ರಿಕ್ ಪರೀಕ್ಷೆಗೆ ಕೂಡಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ.

ಆದರೆ ಹೋದ ವರ್ಷ ನಾಲತವಾಡದಿಂದ ಬಂದಿದ್ದ ಬೀಗರು ಅವಳಿಗೊಂದು ಇಂಗ್ರೇಜಿ ಶಬ್ದ ಕೇಳಿದ್ದರು. ಕೇಳಿದವನಿಗೆ ಗೊತ್ತಿದ್ದದ್ದು ಒಂದೇ ಅರ್ಥ, ಸಗೀರಾ ನಾಲ್ಕು ಹೇಳಿದಳು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದವರು ಮತ್ತೆ ಬರಲಿಲ್ಲ. ಅವಳಿಗೆ ಆಗಲೇ ಇಪ್ಪತ್ತೆರಡು. ಪೀರಬಿ ಅಂದಿನಿಂದ ಮಗನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

ಇವತ್ತು ಬಾಗಿಲಲ್ಲೇ ನಿಲ್ಲಿಸಿದಳು.

"ಏನ ಕೇಳಿದ್ರೂ ಗೊತ್ತಿಲ್ಲ ಅನ್ನು ಅಂತ ಅಕಿಗೆ ಹೇಳು. ಕಲಿಸಿದಾಂವ ನೀನ. ಬಿಡಿಸಾಂವನೂ ನೀನ ಆಗು."

ಅವಳ ಕಣ್ಣಲ್ಲಿ ನೀರಿತ್ತು. ಫಕ್ರುದ್ದೀನ ಚಪ್ಪಲಿ ಬಿಟ್ಟು ಒಳಗೆ ಹೋದ.

ಸಗೀರಾ ಒಲೆಯ ಮುಂದೆ ಸುರಕುಂಬಾ ಪಾಯಸಕ್ಕೆ ಶಾವಿಗೆ ಹುರಿಯುತ್ತಿದ್ದಳು. ಹೇಗೆ ಹೇಳಬೇಕೋ ತಿಳಿಯಲಿಲ್ಲ. ಕಡೆಗೆ, ತಾಯಿಗೆ ತಿಳಿಯಬಾರದೆಂದು, ಇಂಗ್ರೇಜಿಯಲ್ಲೇ ಹೇಳಿದ: ನನಗೆ ಇಂಗ್ರೇಜಿ ಬರುವುದಿಲ್ಲ ಅಂದುಬಿಡು. ಹೇಳಿದ ಮೇಲೆ ತನಗೇ ನಗು ಬಂತು. ಅವಳು ನಗಲಿಲ್ಲ.

"ಮಾರ್ಚಿ ಪರೀಕ್ಷಾ?" ಎಂದಳು.

"ಮುಂದ ನೋಡೂಣು."

"ಅಮ್ಮಂದು ಇರ್ಲಿ. ನೀ ಏನಂತಿ ಭಾಯಿ? ನೀ ಬ್ಯಾಡ ಅಂದ್ರ ನಾ ಈ ಲಗ್ನಕ್ಕ ಒಪ್ಪೂದಿಲ್ಲ."

ಅವನು ಒಲೆಯನ್ನು ನೋಡಿದ. ಬೇಡ ಅನ್ನಲು ಒಂದೇ ಮಾತು ಸಾಕಿತ್ತು. ಇವಳು ಹೋದರೆ ಸಂಜೆ ತಾನು ಯಾರ ಮುಂದೆ ಬಾಯಿ ತೆರೆಯಬೇಕು ಎಂದು ಯೋಚಿಸಿದ. ಅದು ತನ್ನ ಸ್ವಾರ್ಥ ಎಂದು ಕೂಡಲೇ ತನ್ನನ್ನೇ ಬೈದುಕೊಂಡ. ಬೈದುಕೊಂಡದ್ದು ಅನುಕೂಲವೇ ಆಯಿತು, ಬೇಡ ಅನ್ನದಿರಲು ಒಂದು ಕಾರಣ ಸಿಕ್ಕಿತು.

"ಅಮ್ಮಾಗ ವಯಸ್ಸಾತು" ಎಂದ.

ಸಗೀರಾ ಶಾವಿಗೆಯನ್ನು ಕೆಳಗಿಳಿಸಿದಳು. ಅದು ಸೀದು ಹೋಗಿತ್ತು.

ಬೀಗರು ಬಸ್ಸಿಳಿದು ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಹೆಂಗಸರು ಒಳಗೆ ಹೋದರು. ಹೊರಗೆ ಜಮಖಾನೆಯ ಮೇಲೆ ಕೂತವರು ವರನ ಸೋದರಮಾವ ಇಬ್ರಾಹಿಂಸಾಬರು. ಪೊಲೀಸ್ ಜಮಾದಾರರಾಗಿ ಪೆನ್ಶನ್ ಆದವರು. ವರ ಮೈಬೂಬ ಬಂದಿರಲಿಲ್ಲ. ಅವನು ಕಚೇರಿಯಲ್ಲಿ ಕಾರಕೂನ, ಬಹಳ ಸಾದಾ ಹುಡುಗ ಎಂದರು. ಮ್ಯಾಟ್ರಿಕ್ ಎರಡು ಸಲ ನಪಾಸಾದದ್ದನ್ನೂ ಸಾದಾತನದ ಲೆಕ್ಕದಲ್ಲೇ ಹೇಳಿದರು.

ಸುರಕುಂಬಾ ಕುಡಿದು ಮೀಸೆ ಒರೆಸಿಕೊಂಡು, ನಡುಬಾಗಿಲ ಪರದೆಯ ಕಡೆ ಮುಖ ಮಾಡಿದರು.

"ಏನವಾ ತಂಗಿ, ಫ್ಲವರ್ ಅಂದ್ರ ಏನು?"

ಅಷ್ಟು ಸಣ್ಣ ಶಬ್ದ. ಫಕ್ರುದ್ದೀನನ ಕೆಳಗಿನ ಇಯತ್ತೆಯ ಪೋರರಿಗೂ ಗೊತ್ತು. ಪರದೆ ಅಲ್ಲಾಡಲಿಲ್ಲ. ಅವಳು ಹೇಳಿಬಿಡಲಿ ಎಂದು ಅವನು ಆಸೆಪಟ್ಟ. ತನ್ನ ಕೈಯಿಂದ ಆಗದ್ದನ್ನು ಅವಳಾದರೂ ಮಾಡಲಿ.

"ಗೊತ್ತಿಲ್ರಿ" ಎಂದಿತು ದನಿ.

ಇಬ್ರಾಹಿಂಸಾಬರ ಮುಖ ಅರಳಿತು. ಹೂವು, ತಂಗಿ, ಹೂವು ಎಂದು ತಾವೇ ಹೇಳಿಕೊಟ್ಟರು. ಆಮೇಲೆ ಇವನ ಕಡೆ ತಿರುಗಿದರು.

"ಮನ್ಯಾಗ ಇಂಗ್ರೇಜಿ ಮಾಸ್ತರ ಇದ್ದೂ ಒಂದಕ್ಷರ ಕಲಿಸಿಲ್ಲೇನ್ರಿ?"

ಇದನ್ನು ಯಾರೂ ಎಣಿಸಿರಲಿಲ್ಲ. ಒಳಗೆ ಬಳೆಯ ಸದ್ದು ನಿಂತಿತು.

"ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕ್ರಿ" ಎಂದ ಫಕ್ರುದ್ದೀನ. ತರಗತಿಯಲ್ಲಿ ಪಾಠ ಹೇಳುವಾಗಿನ ದನಿಯೇ ಅದು. ಇಬ್ರಾಹಿಂಸಾಬರು ಅವನ ಬೆನ್ನು ತಟ್ಟಿದರು.

ಲಗ್ನ ಗಟ್ಟಿಯಾಯಿತೆಂದು ಸಕ್ಕರೆ ಹಂಚಿದರು. ಪೀರಬಿ ಅಳುತ್ತ ನಗುತ್ತ ಬಂದು ಮಗನ ಬಾಯಿಗೂ ಒಂದು ಚಿಟಿಕೆ ಹಾಕಿದಳು. ಇನ್ನು ಬಾಗೇವಾಡಿಯಲ್ಲಿ ನಿನಗೂ ಹುಡುಗಿ ನೋಡಬಹುದು ಎಂದು ಕಿವಿಯಲ್ಲಿ ಹೇಳಿದಳು. ಅವನು ಸಕ್ಕರೆ ನುಂಗಿದ. ದುಃಖವಾಗಬೇಕಿತ್ತು. ಹಗುರ ಅನಿಸಿತು, ಅದಕ್ಕೇ ಹೆಚ್ಚು ಹೆದರಿದ.

ಬೀಗರನ್ನು ಬಸ್ಸಿಗೆ ಹತ್ತಿಸಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಪೀರಬಿ ಓಣಿಯ ಮನೆಗಳಿಗೆ ಸಕ್ಕರೆ ಕೊಡಲು ಹೋಗಿದ್ದಳು. ಸಗೀರಾ ಕಟ್ಟೆಯ ಮೇಲೆ ಕೂತು ಕಂದೀಲಿನ ಗಾಜಿಗೆ ಬೂದಿ ಹಚ್ಚುತ್ತಿದ್ದಳು, ದಿನದ ಹಾಗೆಯೇ. ಅದನ್ನು ಕಂಡು ಅವನ ಜೀವ ತಿರುಗಿ ಬಂದಂತಾಯಿತು. ಏನೂ ಕೆಟ್ಟಿಲ್ಲ, ಲಗ್ನಕ್ಕೆ ಇನ್ನೂ ತಿಂಗಳುಗಳಿವೆ ಅಂದುಕೊಂಡ.

ಹತ್ತಿರ ಕೂತು, ಇಂಗ್ರೇಜಿಯಲ್ಲಿ, ಬ್ರೇಕ್ ಎಂದರೇನು ಎಂದು ಕೇಳಿದ. ಹೋರಿಯ ಅರ್ಥಕ್ಕೆ ಹುಡುಗರು ನಕ್ಕದ್ದನ್ನು ಹೇಳಬೇಕೆಂದಿದ್ದ. ಅದನ್ನು ಕೇಳಿದರೆ ಅವಳಿಗೆ ಖುಷಿಯಾಗುತ್ತಿತ್ತು.

ಅವಳು ಗಾಜು ಒರೆಸುತ್ತಿದ್ದಳು.

"ಈಗ ಯಾರೂ ಇಲ್ಲ, ಹೇಳು" ಎಂದ.

"ಗೊತ್ತಿಲ್ರಿ" ಎಂದಳು ಸಗೀರಾ.

ಸಿಟ್ಟಿರಲಿಲ್ಲ, ಅಣಕವೂ ಇರಲಿಲ್ಲ. ಪರದೆಯ ಹಿಂದಿನ ದನಿಯೇ ಪರದೆಯಿಲ್ಲದೆ ಬಂದಿತ್ತು. ಹುಟ್ಟಿದಾಗಿನಿಂದ ಅವನನ್ನು ನೀನು ಅಂದವಳು, ಬೇರೆಯವರಿಗೆ ಅನ್ನುವ ಹಾಗೆ ರೀ ಹಚ್ಚಿ ಅಂದಿದ್ದಳು.

ಅವನು ಇನ್ನೊಂದು ಶಬ್ದ ಕೇಳಿದ. ಆಮೇಲೆ ಇನ್ನೊಂದು, ಎಲ್ಲಕ್ಕಿಂತ ಸಣ್ಣದು. ಆಮೇಲೆ ಕನ್ನಡದಲ್ಲಿ, ಉಂಡಿಯೇನು ಎಂದು ಕೇಳಿದ. ಅದಕ್ಕೂ ಅವಳು ಅದನ್ನೇ ಅಂದಳು.

ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸಿ, ಕಂದೀಲಿಗೆ ಸಿಕ್ಕಿಸಿ, ಗೂಟಕ್ಕೆ ತೂಗುಹಾಕಿ ಒಳಗೆ ಹೋದಳು. ಕಡ್ಡಿಪೆಟ್ಟಿಗೆ ಕಟ್ಟೆಯ ಮೇಲೆ ಹಾಗೇ ಬಿದ್ದಿತ್ತು.

ಓಣಿಯ ಉಳಿದ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು. ಅವನು ಕೂತೇ ಇದ್ದ. ತಲೆಯ ಮೇಲೆ ಕಂದೀಲು ತೂಗುತ್ತಿತ್ತು. ಗಾಜಿನ ಮೇಲೆ ಒಂದು ಕಲೆಯೂ ಇರಲಿಲ್ಲ, ಒಳಗೆ ಬತ್ತಿ ಹಚ್ಚಿರಲಿಲ್ಲ.