ನೂರ ಹನ್ನೆರಡು ಬಾಗಿಲು ಮತ್ತು ಒಂದು ಕಪಾಟು

ಒಂದೂರಲ್ಲಿ ಒಬ್ಬ ಬಡಗಿ. ಬಡಗಿಗೊಬ್ಬಳು ಹೆಂಡತಿ. ಹೆಂಡತಿಗೆ ಅಡುಗೆಮನೆಯಲ್ಲೊಂದು ಕಪಾಟು. ಆ ಕಪಾಟಿನ ಬಾಗಿಲು ಎಷ್ಟು ಸಲ ಮುಚ್ಚಿದರೂ, ಹೊರಗಿನಿಂದ ಯಾರೋ ಕರೆದಂತೆ, ಮೆಲ್ಲಗೆ ತೆರೆದುಕೊಂಡು ಬರುತ್ತಿತ್ತು. ‘ಭಾನುವಾರ ಮಾಡಿಕೊಡ್ತೀನಿ’ ಎಂದು ಬಡಗಿ ಮಾತು ಕೊಟ್ಟಿದ್ದ. ಯಾವ ಭಾನುವಾರ ಎಂದು ಹೇಳಿರಲಿಲ್ಲ. ಹೆಂಡತಿ ಬಾಗಿಲಿಗೊಂದು ದಾರ ಕಟ್ಟಿದಳು. ಒಂಬತ್ತು ವರ್ಷ ಕಳೆಯಿತು.

ಅದರಲ್ಲಿ ಮೂರು ವರ್ಷ ಅವನು ಊರಾಚೆಯ ಎಸ್ಟೇಟಿನ ಹಳೇ ಬಂಗಲೆಯಲ್ಲಿ ಕೆಲಸಕ್ಕಿದ್ದ. ಬಾವಲಿಗಳು ತಲೆಮಾರುಗಳಿಂದ ಸಂಸಾರ ನಡೆಸುತ್ತಿದ್ದ ಆ ಮನೆಯನ್ನು ವಸತಿಗೃಹ ಮಾಡುವುದಕ್ಕೆ ನೂರ ಹನ್ನೆರಡು ಬಾಗಿಲು ಕಳಚಿ, ಕೀಸಿ, ಮತ್ತೆ ಕೂರಿಸಿದ. ಮೆಚ್ಚಿದ ಮಾಲೀಕರು ಗಂಡಹೆಂಡತಿಗೆ ಅಲ್ಲೇ ಎರಡು ದಿನದ ವಾಸವನ್ನು ಉಡುಗೊರೆ ಕೊಟ್ಟರು.

ಹೆಂಡತಿ ಮೆಟ್ಟಿಲೇರಿ ಮಲಗುವ ಮಂಚ ನೋಡಲಿಲ್ಲ, ಸಿಂಹದ ಕಾಲಿನ ಸ್ನಾನದ ತೊಟ್ಟಿ ನೋಡಲಿಲ್ಲ. ಕೋಣೆಯ ಬಾಗಿಲನ್ನು ಒಂದೇ ಬೆರಳಲ್ಲಿ ತಳ್ಳಿದಳು. ಅದು ತಾನಾಗಿ ಹೋಗಿ ಟಕ್ ಎಂದು ಕೂತಿತು. ಬಟ್ಟೆ ಬೀರುವಿನದು, ಟಕ್. ಸ್ನಾನದ ಮನೆಯದು, ಟಕ್.

ಬಡಗಿಯ ಎದೆ ಉಬ್ಬಿತು. “ಹೇಗಿದೆ?”

“ಎಲ್ಲಾ ನೀವೇ ಮಾಡಿದ್ದಾ?”

“ಮತ್ತೆ? ನಿಮ್ಮಪ್ಪ ಬಂದು ಮಾಡಿದ್ರಾ?”

“ಹಾಗಾದ್ರೆ ನಿಮಗೆ ಬರುತ್ತೆ. ಪಾಪ, ಬರಲ್ವೇನೋ ಅಂತ ಇಷ್ಟು ವರ್ಷ ಸುಮ್ಮನಿದ್ದೆ.”

ವಾಸ ಮುಗಿದ ಬೆಳಿಗ್ಗೆ ಬಡಗಿ ಚೀಲ ಕಟ್ಟಿದ. ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದಳು.

“ನೀವು ಹೊರಡ್ರೀ. ಕಪಾಟು ಮುಚ್ಚಿದ ಮೇಲೆ ನಾನು ಬರ್ತೀನಿ.”

ಬಡಗಿ ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ.

ಕೆಳಗೆ ಮ್ಯಾನೇಜರು, “ಮೇಸ್ತ್ರೀ, ಸಂಜೆ ಆ ರೂಮಿಗೆ ಬೇರೆಯವರು ಬರ್ತಾರೆ,” ಎಂದರು.

“ಅವಳಿಗೇ ಹೇಳಿ ಸ್ವಾಮಿ.”

ಮ್ಯಾನೇಜರು ಮೇಲೆ ಹೋಗಿ, ಸ್ವಲ್ಪ ಹೊತ್ತಿಗೆ ತಲೆ ತಗ್ಗಿಸಿಕೊಂಡು ಇಳಿದು ಬಂದರು. “ಒಂಬತ್ತು ವರ್ಷವಂತಲ್ರೀ?”

ಬಡಗಿ ಮನೆಗೆ ಹೋದ. ಕಪಾಟಿನ ಬಾಗಿಲ ಸಂದಿಗೆ ರಟ್ಟಿನ ತುಂಡು ತುರುಕಿ, ಹೆಂಡತಿಗೆ ಫೋನು ಮಾಡಿ, ಹೆಬ್ಬೆರಳಿಂದ ಒತ್ತಿ, ಫೋನು ಹತ್ತಿರ ಹಿಡಿದ. “ಕೇಳಿಸ್ತಾ?”

“ನಿಮ್ಮ ಹೆಬ್ಬೆರಳು ಕೇಳಿಸ್ತು. ದಾರ ಬಿಚ್ಚಿದ್ರಾ?”

ಬಿಚ್ಚಿರಲಿಲ್ಲ. ಆ ಗಂಟನ್ನು ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ದಿನಾ ಬಿಚ್ಚಿ ದಿನಾ ಕಟ್ಟಿದ ದಾರ ಅವಳ ಬೆರಳಿಗೆ ಮಾತ್ರ ಒಗ್ಗಿಹೋಗಿತ್ತು. ಅವನಿಗೆ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಒಳಗೆ, ಕೈಗೆ ಮೊದಲು ಸಿಗುವ ಜಾಗದಲ್ಲೇ, ಅವಳು ಯಾವತ್ತೋ ತಂದು ಕಾಗದದಲ್ಲಿ ಸುತ್ತಿಟ್ಟಿದ್ದ, ಬಾಗಿಲಿಗೆ ಹಾಕುವ ಒಂದು ಜೊತೆ ಹಿತ್ತಾಳೆಯ ಬಿಜಾಗರಿ, ಎಂಟು ತಿರುಪುಮೊಳೆ. ಕಾಗದ ಹಳದಿಯಾಗಿ ಮಡಿಕೆಯಲ್ಲಿ ಹರಿದಿತ್ತು.

ಬಡಗಿ ಅವನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದ. ಆಮೇಲೆ ಬಾಗಿಲು ಕಳಚಿದ, ಅಂಚು ಕೀಸಿದ, ಚೌಕಟ್ಟು ನೇರ ಮಾಡಿದ, ಬಿಜಾಗರಿ ಕೂರಿಸಿದ. ಅಷ್ಟಕ್ಕೆ ಮುಕ್ಕಾಲು ಗಂಟೆ ಸಾಕಾಯಿತು.

ಮತ್ತೆ ಫೋನು ಮಾಡಿ, ಒಂದೇ ಬೆರಳಲ್ಲಿ ತಳ್ಳಿದ.

ಟಕ್.



“ಇನ್ನೊಂದ್ಸಲ ಮಾಡಿ, ಮೇಸ್ತ್ರೀ,” ಎಂದರು ಆ ಕಡೆ ಫೋನು ಹಿಡಿದಿದ್ದ ಮ್ಯಾನೇಜರು. “ಅಮ್ಮ ಕಣ್ಣು ಮುಚ್ಕೊಂಡು ಕೇಳ್ತಿದಾರೆ.”

ಟಕ್.