ಪಕ್ಕದ ಸೀಟು

ಬಾಡಿಗೆ ಕಾರಿನ ರೇಣುಕಪ್ರಸಾದ್ ಬೆಳಿಗ್ಗೆಯೇ ಫೋನ್ ಮಾಡಿದ.

"ಮೇಡಮ್, ಗಾಡಿ ಸ್ಟಾರ್ಟೇ ಆಗ್ತಿಲ್ಲ. ಏನ್ ಮಾಡಾಕೆ ಆಗ್ತೈತೆ ಹೇಳ್ರಿ."

ನಾನೇನು ಹೇಳಲಿ? ದಾವಣಗೆರೆಯ ಆಸ್ಪತ್ರೆಯಲ್ಲಿ ಅಂದು ನನ್ನ ಕಿಮೋ ಇತ್ತು. ಕಳೆದ ಸಲ ಎಲ್ಲಿಂದಲೋ ಹತ್ತಿದ ನೆಗಡಿ ಜ್ವರಕ್ಕೆ ತಿರುಗಿ, ಅವರು ಔಷಧಿ ಏರಿಸದೆ ಮನೆಗೆ ಕಳಿಸಿದ್ದರು. ಎದೆಯ ಗಡ್ಡೆ ಈಗಷ್ಟೇ ಕರಗುತ್ತಿದೆ, ಇನ್ನೊಮ್ಮೆ ತಡವಾಗುವುದು ಬೇಡ ಎಂದು ಡಾಕ್ಟರು ಎಚ್ಚರಿಸಿದ್ದರು. ಈ ಸಲ ಜ್ವರವಿಲ್ಲದೆ ತಲುಪಬೇಕು, ಅಷ್ಟೇ.

ನ್ಯಾಮತಿ ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಿದ್ದಾಗಲೇ ಹತ್ತಿದೆ. ಕಿಟಕಿ ತೆರೆದೆ. ಮುಂದಿನ ಸೀಟಿನ ಕಂಬಿಯನ್ನು ಒರೆಸಿದೆ. ಮಾಸ್ಕ್ ಸರಿಮಾಡಿಕೊಂಡು, ತಲೆಯ ಸ್ಕಾರ್ಫನ್ನು ಹಣೆಯವರೆಗೂ ಎಳೆದುಕೊಂಡೆ. ಹತ್ತುವವರಲ್ಲಿ ಯಾರಿಗೆ ಕೆಮ್ಮಿದೆ, ಯಾರು ಮೂಗು ಒರೆಸಿಕೊಳ್ಳುತ್ತಿದ್ದಾರೆ ಎಂದು ನೋಡುವುದು ನನಗೀಗ ಅಭ್ಯಾಸವಾಗಿಬಿಟ್ಟಿದೆ. ಪಕ್ಕಕ್ಕೆ ಬಂದು ಕೂತ ಮುದುಕಿ ಕೆಮ್ಮಲಿಲ್ಲ. ಹೆಸರು ಅಜ್ಜಮ್ಮನಂತೆ, ದಾವಣಗೆರೆಗೆ ಮಗಳ ಮನೆಗೆ ಹೊರಟಿದ್ದಾಳಂತೆ. ನನ್ನ ಊರು ಜಗಳೂರು, ಕೆಲಸಕ್ಕೆಂದು ನ್ಯಾಮತಿಯಲ್ಲಿ ಒಬ್ಬಳೇ ಇದ್ದೇನೆ ಎಂಬುದನ್ನೂ ಬಸ್ಸು ಹೊರಡುವ ಮೊದಲೇ ಕೇಳಿ ತಿಳಿದುಕೊಂಡಿದ್ದಳು.

ಮುಂದಿನ ಕ್ರಾಸಿನಲ್ಲಿ ಜನ ನುಗ್ಗಿದರು. ಕೂಸನ್ನು ಎತ್ತಿಕೊಂಡಿದ್ದ ಒಬ್ಬ ತಾಯಿ ನಮ್ಮ ಸೀಟಿಗೆ ಒರಗಿ ನಿಂತಳು. ಕೂತವರ ಮಡಿಲು ನಿಂತವರ ಮಕ್ಕಳದು. ನಮ್ಮ ಬಸ್ಸುಗಳಲ್ಲಿ ಇದನ್ನು ಯಾರೂ ಕೇಳಿ ಪಡೆಯುವುದಿಲ್ಲ.

"ಹೊನ್ನಾಳಿ ತನಕ ಅಕ್ಕಾ," ಎನ್ನುತ್ತಲೇ ಅವಳು ಕೂಸನ್ನು ನನ್ನ ತೊಡೆಯ ಮೇಲೆ ಇಳಿಸಿಬಿಟ್ಟಳು.

ಬೆಚ್ಚಗಿತ್ತು. ಮೂಗು ಸೋರುತ್ತಿತ್ತು. ಒದ್ದೆ ಬೆರಳುಗಳಿಂದ ನನ್ನ ಮಾಸ್ಕನ್ನು ಹಿಡಿದು ನಕ್ಕಿತು. ನಾನು ಅದರ ಕಂಕುಳಿಗೆ ಕೈ ಕೊಟ್ಟು ದೂರಕ್ಕೆ ಎತ್ತಿದೆ.

"ಬೇಡಮ್ಮ, ತಗೊಳ್ಳಿ."

"ಯಾಕವ್ವಾ, ಬಟ್ಟೆ ಗಲೀಜಾಗ್ತೈತಾ?" ಎಂದಳು ಅಜ್ಜಮ್ಮ.

ಹಿಂದಿನ ಸೀಟಿನ ಹೆಂಗಸು ನಕ್ಕಳು. "ಓದಿದೋರು ಬಿಡಜ್ಜಿ. ಮಾಸ್ಕ್ ಬೇರೆ ಹಾಕ್ಕಂಡು ಕುಂತಾರೆ, ನಾವೆಲ್ಲಾ ನಾರ್ತೀವೇನೋ."

ನಿಜ ಹೇಳಬಹುದಿತ್ತು. ಆದರೆ ಕ್ಯಾನ್ಸರ್ ಎಂದರೆ ಸಾಕು, ಅದರಿಂದ ಸತ್ತವರ ಹೆಸರುಗಳು ಸೀಟಿನಿಂದ ಸೀಟಿಗೆ ಹೋಗುತ್ತವೆ. ಅದನ್ನು ಕೇಳಿಸಿಕೊಂಡು ಕಿಮೋಗೆ ಹೋಗುವ ಶಕ್ತಿ ನನಗಿರಲಿಲ್ಲ.

"ನನಗೆ ಜ್ವರ ಐತ್ರೀ," ಅಂದೆ. "ಅಂಟೋ ಜ್ವರ. ಕೂಸಿಗೆ ಬಂದ್ರೆ ಕಷ್ಟ."

ತಾಯಿ ಕೂಸನ್ನು ಕಿತ್ತುಕೊಂಡಳು. ಅಜ್ಜಮ್ಮ ಎದ್ದೇಬಿಟ್ಟಳು. "ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ?" ಎಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮುಂದೆ ಹೋಗಿ, ಇಬ್ಬರ ಸೀಟಿನಲ್ಲಿ ಮೂರನೆಯವಳಾಗಿ ಕೂತಳು. ಕೂಸು ಅವಳ ಮಡಿಲಿಗೆ ಹೋಯಿತು. ನಾನು ಚೀಲದಲ್ಲಿದ್ದ ಸ್ಯಾನಿಟೈಸರನ್ನು ಮತ್ತೆ ಮತ್ತೆ ಸುರಿದುಕೊಂಡು ಕೈ ಉಜ್ಜಿಕೊಂಡೆ. ನಿಂತವರು ಅದನ್ನೂ ನೋಡಿದರು, ಇನ್ನಷ್ಟು ಸರಿದರು.

ಹೊನ್ನಾಳಿಯಲ್ಲಿ ಇಳಿಯುವ ಮುಂಚೆ ಆ ತಾಯಿ ಕೂಸಿನ ಮುಖವನ್ನು ಭುಜಕ್ಕೆ ಒತ್ತಿಕೊಂಡು, ದೂರದಿಂದಲೇ ಮಾತಾಡಿಸಿದಳು.

"ತಪ್ಪು ತಿಳ್ಕಾಬ್ಯಾಡ್ರಿ ಅಕ್ಕಾ. ಹುಷಾರಿಲ್ದಾಗ ಒಬ್ರೇ ಯಾಕೆ ಹೊಂಟ್ರಿ? ಮನ್ಯಾಗೆ ಯಾರೂ ಇಲ್ವಾ?"

"ಇದಾರೆ," ಅಂದೆ.

ಅವಳು ಇಳಿದಳು. ಅವಳಿಗಿಂತ ಹೆಚ್ಚು ಜನ ಹತ್ತಿದರು. ನನ್ನ ಪಕ್ಕಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರನ್ನು ಅಜ್ಜಮ್ಮ ಮುಂದಿನಿಂದಲೇ ತಡೆದಳು. "ಅಲ್ಲಿ ಕುಂದ್ರಬ್ಯಾಡ್ರಿ. ಆಯಮ್ಮಂಗೆ ಅಂಟೋ ಜ್ವರ."

ಬಸ್ಸು ಊರು ದಾಟಿದ ಮೇಲೆ ತಮ್ಮ ಮಾರುತಿಯ ಫೋನ್ ಬಂತು. ಜಗಳೂರಿನಿಂದ ಹೊರಟಿದ್ದ, ಆಸ್ಪತ್ರೆಯ ಬಾಗಿಲಲ್ಲಿ ಸಿಗುವವನಿದ್ದ.

"ಬಸ್ಸಿಗೆ ಹತ್ತಿದ್ಯಂತೆ? ರಶ್ ಐತೇನಕ್ಕಾ?"

"ನನ್ನ ಪಕ್ಕ ಯಾರೂ ಇಲ್ಲ," ಅಂದೆ.

"ಹಂಗಾರೆ ಚಲೋ ಆತು. ಆರಾಮಾಗಿ ಬಾ."

ಅವನು ಫೋನಿಟ್ಟ. ಕಂಬಿ ಹಿಡಿದು ನಿಂತಿದ್ದ ಇಬ್ಬರಲ್ಲಿ ಒಬ್ಬಳು ಖಾಲಿ ಸೀಟಿನತ್ತ ನೋಡಿ, ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. ಕೂರಲಿಲ್ಲ.