ಗೋಡೆಗೆ ಮುಖ ಮಾಡಿ ಕೇಳಿದ ದನಿ

ಯುಗಾದಿ ಕಳೆದ ಮೇಲೆ ಮನೋಹರನ ಗಿಟಾರು ಯಾಕೋ ಅವನ ಮೇಲೆ ಮುನಿಸಿಕೊಂಡಿತ್ತು. ಕೈ ಅದೇ, ತಂತಿ ಅದೇ, ಕಾಲಡಿಯ ಪೆಡಲ್ಲೂ ಅದೇ. ಆದರೂ ಪೆಡಲ್ ತುಳಿದು ಒಂದು ಸ್ವರ ಎಳೆದರೆ ಮೊದಲಿನ ಹಾಗೆ ತುಂಬಿಕೊಂಡು ಬರುತ್ತಿರಲಿಲ್ಲ. ಮೆತ್ತಗೆ ಬೆಂದ ಅನ್ನದ ನಡುವೆ ಕಲ್ಲು ಸಿಕ್ಕ ಹಾಗೆ ಹಲ್ಲಿಗೆ ತಗಲುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಇಂಥದ್ದನ್ನು ಜೊತೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಮನೋಹರ ಹೇಳಿಕೊಳ್ಳಲಿಲ್ಲ. ಸ್ಟೀಲ್ ಪಾತ್ರೆ ಮಾಡುವ ಕಾರ್ಖಾನೆಯಲ್ಲಿ, ತಗಡು ಒತ್ತುವ ಮಿಷನ್ನುಗಳ ನಡುವೆ, ಮೂವತ್ತೊಂದು ವರ್ಷ ಫಿಟ್ಟರ್ ಕೆಲಸ ಮಾಡಿದವನು ಅವನು. ಜೊತೆಗಿದ್ದವರಲ್ಲಿ ಮೂವರು ಈಗಾಗಲೇ ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ತನ್ನ ಸರದಿ ಬಂತು ಅಂತ ಅವನಿಗೆ ಅನ್ನಿಸಿಬಿಟ್ಟಿತ್ತು. ಕಿವಿ ಹೋದವನು ಗಿಟಾರು ಹಿಡಿದು ವೇದಿಕೆ ಹತ್ತುವುದೆಂದರೆ ಕೇಳುವವರಿಗೂ ಕಷ್ಟ, ತನಗೂ ಅವಮಾನ. ಡಾಕ್ಟರ ಹತ್ತಿರ ಹೋಗಿ ಅದನ್ನೇ ಅವರ ಬಾಯಲ್ಲಿ ಕೇಳುವ ಧೈರ್ಯವೂ ಇರಲಿಲ್ಲ.

ಹಾಗಾಗಿ ಒಂದು ಸುಳ್ಳು ಹೇಳಿದ. ಆರ್ಕೆಸ್ಟ್ರಾ ನಡೆಸುವ ನಂಜುಂಡಸ್ವಾಮಿಗೆ ಫೋನು ಮಾಡಿ, "ಭುಜ ನೋಯ್ತದೆ ಕಣಪ್ಪ. ಮಂಡಕಳ್ಳಿ ಆರತಕ್ಷತೆಯಿಂದ ಲೀಡ್ ಗಿಟಾರು ನಮ್ಮ ಸಂಘಮಿತ್ರನೇ ನುಡಿಸ್ಲಿ" ಅಂದ. ಸಂಘಮಿತ್ರ ಅವನ ಅಣ್ಣನ ಮಗಳು, ಪಿಯು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವವಳು. ಆರನೇ ಕ್ಲಾಸಿನಿಂದ ಅವಳ ಬೆರಳು ತಿದ್ದಿದವನು ಇವನೇ.

ಆರತಕ್ಷತೆಗೆ ಎಂಟು ದಿನ ಮುಂಚೆ, ಶನಿವಾರ ಮಧ್ಯಾಹ್ನ, ದಟ್ಟಗಳ್ಳಿಯ ನಂಜುಂಡಸ್ವಾಮಿ ಮನೆಯ ಮಹಡಿ ಮೇಲೆ ಪ್ರಾಕ್ಟೀಸು ಇತ್ತು. ಮನೋಹರ ತನ್ನ ಗಿಟಾರನ್ನೂ, ಅಂಗೈಯಗಲದ ತಗಡಿನ ಪೆಡಲನ್ನೂ ತಂದಿದ್ದ. ಅದನ್ನು ಎಲ್ಲರೂ ಡಬ್ಬಿ ಅಂತಲೇ ಕರೆಯುತ್ತಿದ್ದರು. ಅದನ್ನು ತುಳಿದರೆ ಗಿಟಾರಿನ ನಯವಾದ ದನಿ ಒಡೆದು, ಅತ್ತು ಸುಮ್ಮನಾದವರ ಗಂಟಲಿನ ಹಾಗಾಗುತ್ತಿತ್ತು. ಸಂಘಮಿತ್ರ ತಂದಿದ್ದು ಹೊಸ ಡಿಜಿಟಲ್ ಪ್ರೊಸೆಸರ್. ನೂರೆಂಟು ಪೆಡಲ್ಲುಗಳ ದನಿ ಒಂದೇ ಪೆಟ್ಟಿಗೆಯೊಳಗೆ.

"ಇದಿದ್ರೆ ಸಾಕು. ಒತ್ತಿದ್ರೆ ಬರುತ್ತೆ, ದಿನಾ ಒಂದೇ ಥರ ಬರುತ್ತೆ" ಅಂದ ನಂಜುಂಡಸ್ವಾಮಿ, ಕೀಬೋರ್ಡಿನ ಬಟ್ಟೆ ಸರಿಸುತ್ತ. "ಊಟಕ್ಕೆ ಕೂತವರು ಹೋಳಿಗೆ ನೋಡ್ತಾರೋ, ಗಿಟಾರು ಡಿಜಿಟಲ್ಲೋ ಅಲ್ವೋ ಅಂತ ನೋಡ್ತಾರೋ?"

"ಅದು ದನಿಯಲ್ಲ ಕಣಪ್ಪ, ದನಿಯ ಫೋಟೊ" ಅಂದ ಮನೋಹರ.

"ಫೋಟೊ ನೋಡಿ ಹೆಣ್ಣು ಒಪ್ಪೋದಿಲ್ವ ಚಿಕ್ಕಪ್ಪ?" ಅಂದಳು ಸಂಘಮಿತ್ರ.

"ಒಪ್ತಾರೆ. ಆಮೇಲಿನ ಕತೆ ನಿಮ್ಮಪ್ಪನ್ನ ಕೇಳು."

ಗಾಯಕಿ ವೇದವತಿ ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತ ನಕ್ಕಳು. "ನಂಗೆ ಯಾವುದಾದ್ರೂ ಒಂದೇ ಕಣಣ್ಣ. ನಾನು ಉಸಿರು ತಗೊಳೋ ಜಾಗದಲ್ಲಿ ಗಿಟಾರು ನಂಗೆ ಸ್ವಲ್ಪ ಜಾಗ ಬುಡಬೇಕು. ಮೇಲೆ ಬಿದ್ದು ಬಂದ್ರೆ ಆಗಕ್ಕಿಲ್ಲ."

"ಡಿಜಿಟಲ್ ಜಾಗನೇ ಬುಡಲ್ಲ" ಅಂದ ಮನೋಹರ. "ಅದಕ್ಕೆ ಉಸಿರೇ ಇಲ್ಲವಲ್ಲ, ನಿನ್ನ ಉಸಿರು ಎಂಗೆ ಗೊತ್ತಾದೀತು?"

"ಕಿವಿಗಿಂತ ಮೊದಲು ಕಣ್ಣು ಕೇಳುತ್ತೆ. ಪೆಟ್ಟಿಗೆ ನೋಡಿಯೇ ನೀನು ತೀರ್ಮಾನ ಮಾಡಿಬಿಟ್ಟಿದ್ದೀಯ" ಅಂದಳು ಸಂಘಮಿತ್ರ.

ಹೀಗೆ ಮಾತು ಅಲ್ಲೇ ಸುತ್ತುತ್ತ ಅರ್ಧ ಗಂಟೆ ಕಳೆಯಿತು. ನಂಜುಂಡಸ್ವಾಮಿಗೆ ಬೇಸರ ಬಂತು. "ಬಾಯಿ ಮಾತು ಸಾಕು. ನಾವು ಮೂವರೂ ಗೋಡೆಗೆ ಮುಖ ಮಾಡಿ ಕೂತ್ಕೊಳ್ಳೋಣ. ಸಂಘಮಿತ್ರ ಒಂದೇ ಸಾಲನ್ನು ಒಂದ್ಸಲ ಡಬ್ಬೀಲಿ, ಒಂದ್ಸಲ ಪ್ರೊಸೆಸರಲ್ಲಿ ನುಡಿಸ್ಲಿ. ಯಾವುದು ಯಾವುದು ಅಂತ ಹೇಳಿ ನೋಡೋಣ."

ಮನೋಹರ ಬೇಡ ಅನ್ನಬಹುದಿತ್ತು. ಅಂದರೆ ಯಾಕೆ ಅಂತ ಕೇಳುತ್ತಾರೆ. ಕುರ್ಚಿ ತಿರುಗಿಸಿಕೊಂಡು ಕೂತ. ಎದುರಿಗೆ ಹಾಲಿನ ಡೈರಿಯವರು ಕೊಟ್ಟ ಕ್ಯಾಲೆಂಡರು, ಅದರ ಪಕ್ಕ ಸುಣ್ಣ ಎದ್ದ ಗೋಡೆ.

ಹಿಂದಿನಿಂದ ಮೊದಲನೆಯ ದನಿ ಬಂತು. ಒಂದು ವಿರಹದ ಹಾಡಿನ ನಡುವೆ ಬರುವ ಪುಟ್ಟ ಸಾಲು. ಮನೋಹರ ಕಣ್ಣು ಮುಚ್ಚಿದ. ತುದಿಯಲ್ಲಿ ದನಿ ಸಣ್ಣಗಾಗಿ, ಕರಗಿ, ಇನ್ನೇನು ಮುಗಿಯಿತು ಅನ್ನುವಾಗ ಒಂದು ಚೂರು ಕಂಪಿಸಿ ನಿಂತಿತು. ಎಷ್ಟು ತಿಂಗಳಾಗಿತ್ತು ಅದನ್ನು ಕೇಳಿ. ಸ್ವಲ್ಪ ಹೊತ್ತು ಬಿಟ್ಟು ಎರಡನೆಯದು ಬಂತು. ಅದೇ ಸಾಲು, ಆದರೆ ಅದೇ ಕಲ್ಲು.

"ನಂಗೆ ಗೊತ್ತಾಗ್ತಿಲ್ಲ. ಡಬ್ಬಿ ಎರಡನೇದು ಅಂತ ಇಟ್ಕೊಳ್ಳಿ" ಅಂದ ನಂಜುಂಡಸ್ವಾಮಿ.

"ಮೊದಲನೇದು ಡಬ್ಬಿ" ಅಂದಳು ವೇದವತಿ.

"ಮೊದಲನೇದೇ" ಅಂದ ಮನೋಹರ. "ಅದು ನನ್ನ ದನಿ. ನಿದ್ದೇಲಿ ಎಬ್ಬಿಸಿ ಕೇಳಿಸಿದ್ರೂ ಹೇಳ್ತೀನಿ."

ಮನೋಹರ ತಿರುಗಿದ. ಸಂಘಮಿತ್ರ ತಂತಿಗಳ ಮೇಲೆ ಅಂಗೈ ಇಟ್ಟುಕೊಂಡು ನೆಲ ನೋಡುತ್ತಿದ್ದಳು.

"ಮೊದಲನೇದು ಪ್ರೊಸೆಸರ್ ಚಿಕ್ಕಪ್ಪ."

ಮನೋಹರ ಎದ್ದು ಬಂದು ಡಬ್ಬಿಯ ವೈರು ಬಿಚ್ಚಿ, ಅದನ್ನು ಉಂಡೆ ಸುತ್ತತೊಡಗಿದ. ಸುತ್ತು ಸಡಿಲಾದರೆ ಬಿಚ್ಚಿ ಮತ್ತೆ ಸುತ್ತಿದ. ಆಮೇಲೆ ಹಾಗೇ, ಹಾಲಿನವನಿಗೆ ನಾಳೆ ಬೇಡ ಅನ್ನುವಷ್ಟೇ ಸಾದಾ ದನಿಯಲ್ಲಿ, "ಭುಜ ನೋಯ್ತಿಲ್ಲ ಕಣಪ್ಪ ಸ್ವಾಮಿ. ಕಿವಿ ಹೋಗ್ಬುಟ್ಟದೆ. ಯುಗಾದಿಯಿಂದ ನಂಗೆ ಅನುಮಾನ ಇತ್ತು. ಈಗ ಗ್ಯಾರಂಟಿ ಆಯ್ತು" ಅಂದ.

ವೇದವತಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕೆಳಗಿಟ್ಟಳು.

"ಅಂಗಾದ್ರೆ ನಂದೂ ಹೋಗಿರಬೇಕಲ್ಲಣ್ಣ? ನಾನೂ ಮೊದಲನೇದೇ ಅಂದೆ."

"ನೀನು ಸುಮ್ಮನೆ ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನ ಎಲ್ಲಿಂದ ಬಂತು? ಯುಗಾದಿಯಿಂದ ನಿಮ್ಮ ಗಿಟಾರು ಹುಳಿಯಾಗ್ಬುಟ್ಟದೆ. ನಾನು ಹಾಡೋ ಜಾಗಕ್ಕೆಲ್ಲ ಮೊಣಕೈ ಹಾಕ್ಕೊಂಡು ಬತ್ತದೆ."

"ಮೊದಲೇ ಹೇಳಬಾರದಿತ್ತಾ?" ಅಂದ ನಂಜುಂಡಸ್ವಾಮಿ.

"ಮನೋಹರಣ್ಣನ ಗಿಟಾರಿಗೆ ನಾನು ಹೆಸರಿಡೋದಾ? ಚೆನ್ನಾಗಿ ಹೇಳಿದ್ರಿ" ಅಂದಳು ಆಕೆ. ಹಿರಿಯರಿಗೆ ಎದುರು ಹೇಳಬಾರದು ಅಂತ ನಾಲ್ಕು ತಿಂಗಳು ನುಂಗಿಕೊಂಡಿದ್ದ ಮಾತು ಅದು.

ಸಂಘಮಿತ್ರ ಪ್ರೊಸೆಸರಿನ ಪುಟ್ಟ ಪರದೆಯನ್ನು ಚಿಕ್ಕಪ್ಪನ ಕಡೆ ತಿರುಗಿಸಿದಳು. "ನಾನು ಇದರಲ್ಲಿ ಯಾರದೋ ದನಿ ಇಟ್ಟಿಲ್ಲ. ಹೋದ ವರ್ಷ ಬನ್ನಿಮಂಟಪದ ಮದುವೇಲಿ ನೀನು ನುಡಿಸಿದ್ದು ನನ್ನ ಫೋನಲ್ಲಿತ್ತು. ಅದನ್ನ ಕೇಳಿ ಕೇಳಿ ಹತ್ತು ದಿನ ಕೂತು ಹೊಂದಿಸಿದ್ದು. ಎಷ್ಟು ಮಾಡಿದ್ರೂ ಆ ಕೊನೇ ಕಂಪನ ಬರಲೇ ಇಲ್ಲ. ಆಮೇಲೆ ಇಲ್ಲಿ ನೋಡು, ಬ್ಯಾಟರಿ ಅಂತ ಒಂದು ಅಂಕಿ ಇದೆ. ಬ್ಯಾಟರಿ ಬತ್ತಿದ ಹಾಗೆ ಮಾಡುತ್ತೆ. ಒಂಬತ್ತು ವೋಲ್ಟಿಂದ ಏಳಕ್ಕೆ ಇಳಿಸಿದೆ. ಆವಾಗ ಬಂತು."

"ಬತ್ತಿದ ಬ್ಯಾಟರಿ ಯಾಕೆ? ನಾನು ಹೊಸದೇ ಹಾಕಿದ್ದೀನಿ. ದನಿ ಸರಿಯಿಲ್ಲ ಅಂತ ನಾಲ್ಕು ಸಲ ಬದಲಾಯಿಸ್ದೆ, ನಾಲ್ಕೂ ಹೊಚ್ಚ ಹೊಸದು."

"ಅದಕ್ಕೆ ಮುಂಚೆ ಯಾವುದು ಹಾಕ್ತಿದ್ದೆ?"

ಮನೋಹರ ಸುತ್ತಿದ ವೈರನ್ನು ಕೆಳಗಿಟ್ಟ. ಅದಕ್ಕೆ ಮುಂಚೆ ಹನ್ನೆರಡು ವರ್ಷ ಅವನು ಡಬ್ಬಿಗೆ ಬ್ಯಾಟರಿ ಕೊಂಡವನೇ ಅಲ್ಲ. ವೇದವತಿಯ ಕಾರ್ಡ್‌ಲೆಸ್ ಮೈಕಿಗೆ ಪ್ರತಿ ಕಾರ್ಯಕ್ರಮಕ್ಕೂ ಡಬ್ಬಿಗೆ ಹಾಕುವಂಥದೇ ಒಂದು ಹೊಸ ಬ್ಯಾಟರಿ ಬೀಳುತ್ತಿತ್ತು. ಹಾಡಿನ ನಡುವೆ ಕೈಕೊಟ್ಟೀತು ಅಂತ ಆಕೆಗೆ ಭಯ. ಕಾರ್ಯಕ್ರಮ ಮುಗಿದ ಮೇಲೆ ತೆಗೆದ ಬ್ಯಾಟರಿಯನ್ನು ಎಸೆಯಲು ಮನಸ್ಸು ಬಾರದೆ ಇವನು ಜೇಬಿಗೆ ಹಾಕಿಕೊಂಡು ಹೋಗಿ ಡಬ್ಬಿಗೆ ಹಾಕುತ್ತಿದ್ದ. ಡಬ್ಬಿ ಎಷ್ಟು ತಿನ್ನುತ್ತದೆ, ಇಷ್ಟು ಸಾಕು ಅಂತ. ಯುಗಾದಿಗೆ ನಂಜುಂಡಸ್ವಾಮಿ ಚಾರ್ಜ್ ಮಾಡುವ ಮೈಕು ತಂದ. ಆ ದಣಿದ ಬ್ಯಾಟರಿ ಸಿಗುವುದು ನಿಂತುಹೋಗಿ, ಡಬ್ಬಿಗೆ ಅಂಗಡಿಯ ಹೊಸದು ಬಿತ್ತು. ಮಿಷನ್ನು ರಿಪೇರಿ ಮಾಡಿ ಬದುಕಿದ ಮನುಷ್ಯ, ಹೊಸ ಸಾಮಾನು ಹಾಕಿದ ಮೇಲೆ ತಪ್ಪು ಅದರದ್ದಲ್ಲ ಅಂತ ಲೆಕ್ಕ ಹಾಕಿ, ತಪ್ಪನ್ನು ನೇರ ತನ್ನ ಕಿವಿಗೆ ತಗುಲಿಸಿಬಿಟ್ಟಿದ್ದ.

ಇದನ್ನೆಲ್ಲ ಅವನು ಹೇಳಿ ಮುಗಿಸುವಷ್ಟರಲ್ಲಿ ನಂಜುಂಡಸ್ವಾಮಿ ಸ್ಟೂಲು ಹತ್ತಿ ಅಟ್ಟಕ್ಕೆ ಕೈಹಾಕಿದ್ದ. ಹಳೇ ಮೈಕು ಪೇಪರು ಸುತ್ತಿಕೊಂಡು ಅಲ್ಲೇ ಬಿದ್ದಿತ್ತು. ಅದರ ಹೊಟ್ಟೆಯೊಳಗೆ, ಯುಗಾದಿಗೆ ಮುಂಚಿನ ಯಾವುದೋ ಕಾರ್ಯಕ್ರಮದಲ್ಲಿ ದುಡಿದು ದಣಿದ ಬ್ಯಾಟರಿ.

ಮನೋಹರ ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿದ. ಒಂದು ಸ್ಕ್ರೂ ಚಾಪೆಯಡಿ ಉರುಳಿತು. ವೇದವತಿ ಬಗ್ಗಿ ಹುಡುಕಿಕೊಟ್ಟಳು. ಬ್ಯಾಟರಿ ಸಿಕ್ಕಿಸಿ, ವೈರು ಮತ್ತೆ ಜೋಡಿಸಿ, ಸಂಘಮಿತ್ರಳ ಕೈಯಿಂದ ಗಿಟಾರು ತೆಗೆದುಕೊಂಡು, ಡಬ್ಬಿ ತುಳಿದು ಅದೇ ಸಾಲು ನುಡಿಸಿದ. ದನಿ ತುಂಬಿಕೊಂಡು ಬಂತು. ಕೊನೆಗೆ ಸಣ್ಣಗಾಯಿತು, ಕರಗಿತು, ಒಂದು ಚೂರು ಕಂಪಿಸಿತು. ಅವನು ನಿಲ್ಲಿಸಲಿಲ್ಲ. ಹಾಡಿನ ಮುಂದಿನ ಸಾಲಿಗೆ ಹೋದ. ಉಸಿರು ತೆಗೆದುಕೊಳ್ಳುವ ಜಾಗ ಬಂದಾಗ ವೇದವತಿ ಸರಾಗವಾಗಿ ಉಸಿರು ತೆಗೆದುಕೊಂಡು ಹಾಡಿಕೊಂಡಳು. ಪಲ್ಲವಿ ಮುಗಿಯಿತು.

"ಸರಿ, ಗೆದ್ದಿದ್ದು ಯಾವುದು?" ಅಂದ ನಂಜುಂಡಸ್ವಾಮಿ.

"ಡಬ್ಬಿ" ಅಂದ ಮನೋಹರ.

"ಡಬ್ಬಿಗೆ ಏನಾಗಿದೆ ಅಂತ ಹೇಳಿಕೊಟ್ಟಿದ್ದು ಯಾವುದು?" ಅಂದಳು ಸಂಘಮಿತ್ರ.

"ಹೇಳಿಕೊಟ್ಟಿದ್ದು ನೀನು. ಪೆಟ್ಟಿಗೆ ಅಲ್ಲ. ನಂದು ಈಗಲೂ ಒಂದೇ ಮಾತು, ಅದು ಫೋಟೊನೇ."

"ಆ ಫೋಟೊ ನೋಡಿ ನಿನ್ನ ಮುಖನೇ ಅಂದೆಯಲ್ಲ."

"ಫೋಟೊ ಚೆನ್ನಾಗಿ ಬಂದದೆ. ಅಷ್ಟೇ ನಾನು ಹೇಳೋದು."

ಸಂಘಮಿತ್ರ ನಗಲಿಲ್ಲ. ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, "ಆದ್ರೂ ಕಿವಿ ಒಂದ್ಸಲ ತೋರಿಸು. ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ. ನಾಲ್ಕು ತಿಂಗಳು ಒಬ್ಬನೇ ಇಟ್ಕೊಂಡಿದ್ದೀಯಲ್ಲ" ಅಂದಳು.

"ಹೋಗೋಣ" ಅಂದ ಮನೋಹರ. ಈಗ ಹೋಗಲು ಅವನಿಗೆ ಅಂಥ ಭಯವಿರಲಿಲ್ಲ.

ನಂಜುಂಡಸ್ವಾಮಿ ಆರತಕ್ಷತೆಯ ಹಾಡುಗಳ ಪಟ್ಟಿ ತೆಗೆದು ಪೆನ್ನಿನ ಕ್ಯಾಪು ಕಚ್ಚಿ ಎಳೆದ. "ಈಗ ಲೀಡು ಯಾರು ಅಂತ ಬರ್ಕೊಳ್ಳಲಿ? ಭುಜ ವಾಸಿಯಾಯ್ತಾ ಮನೋಹರಣ್ಣ?"

"ನಾನೇ. ಬರ್ಕೋ" ಅಂದ ಮನೋಹರ. ಅಂದಮೇಲೆ ಅಣ್ಣನ ಮಗಳ ಮುಖ ನೋಡಿದ. ಒಂದು ವಾರದಿಂದ ಅವಳು ಎಲ್ಲ ಹಾಡುಗಳ ಲೀಡನ್ನೂ ಕೂತು ಕಲಿತಿದ್ದಳು. ಈಗ ಪೆಟ್ಟಿಗೆಯ ವೈರು ಬಿಚ್ಚಿ ಸುತ್ತುತ್ತಿದ್ದಳು.

"ಎರಡು ಹಾಡು ನಿಂದು ಕಣಮ್ಮ" ಅಂದ.

"ಆರು."

"ಆರಾ? ನಾನೇನು ಅಲ್ಲಿ ಊಟಕ್ಕೆ ಬರಲಾ? ಮೂರು."

"ಐದು. ನನ್ನ ಪ್ರೊಸೆಸರಲ್ಲೇ ನುಡಿಸೋದು."

ಮನೋಹರ ಮೀಸೆ ಸವರಿಕೊಂಡ. "ನಾಲ್ಕು. ಯಾವುದ್ರಲ್ಲಾದ್ರೂ ನುಡಿಸ್ಕೋ" ಅಂದ. ನಂಜುಂಡಸ್ವಾಮಿ ಬರೆದುಕೊಂಡ.